ಒಂದನೇ ನಂಬರ್ ಯಾವ ಕಡೆಯಿಂದ?

ಪೂರ್ತಿ ಕೆಟ್ಟು ನಿಂತ ಗಾಡಿಯ ಹತ್ತಿರ ಯಾರೂ ಸುಳಿಯುವುದಿಲ್ಲ. ತಳ್ಳಲು ಕರೆದಾರು ಎಂಬ ಭಯ. ಆದರೆ ಓಡುತ್ತಲೇ ಕೆಟ್ಟಿರುವ ಗಾಡಿ ಇದೆಯಲ್ಲ, ನಾಲ್ಕು ಏಟಿನಲ್ಲಿ ಒಂದನ್ನು ನುಂಗಿಕೊಂಡು, ಮೈಯೆಲ್ಲ ಗಡಗಡ ಅಲುಗಿಸುತ್ತ, ಬಿಳಿ ಹೊಗೆ ಬಿಟ್ಟುಕೊಂಡು ನಿಂತಿರುವ ಗಾಡಿ, ಅದು ನಮ್ಮ ಸೀಮೆಯಲ್ಲಿ ಸಾರ್ವಜನಿಕ ಆಸ್ತಿ. ಅಜ್ಜಂಪುರದಿಂದ ಕಡೂರಿನವರೆಗೆ ಯಾರು ಬೇಕಾದರೂ ಅದಕ್ಕೆ ಕಿವಿ ಕೊಡಬಹುದು, ಯಾರು ಬೇಕಾದರೂ ರೋಗದ ಹೆಸರು ಹೇಳಬಹುದು. ಕೇಳಿಸಿಕೊಳ್ಳುವುದಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಹೇಳುವುದಕ್ಕೆ ಮಾತ್ರ ಒಂದು ಟೀ ಬೇಕು.

ನಮ್ಮದು ಟಾಟಾ 407. 1986ರಲ್ಲಿ ಆ ಮಾದರಿ ರಸ್ತೆಗಿಳಿದ ಕಾಲಕ್ಕೆ ಜಪಾನಿನ ನಂಟಿನ ಸಣ್ಣ ಲಾರಿಗಳೂ ಸಾಲಾಗಿ ಬಂದಿದ್ದವು. ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಡಿಸಿಎಂ ಟೊಯೋಟಾ, ಆಲ್ವಿನ್ ನಿಸಾನ್. ಅವುಗಳ ಚೆಂದಕ್ಕೆ ಸೋಲದೆ ಅಪ್ಪ ಕೆಲವು ವರ್ಷಗಳ ನಂತರ 407ನ್ನೇ ಕೊಂಡದ್ದಕ್ಕೆ ಕಾರಣ ಒಂದೇ: ಇದನ್ನು ಬಿಚ್ಚಲು ಬರುವವನು ಪ್ರತಿ ಊರಿನಲ್ಲೂ ಒಬ್ಬ ಇರುತ್ತಾನೆ. ಅಂಥವನೊಬ್ಬ ತನ್ನ ಮನೆಯೊಳಗೇ ಹುಟ್ಟಿಕೊಳ್ಳುತ್ತಾನೆಂದು ಅಪ್ಪ ಎಣಿಸಿರಲಿಲ್ಲ.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ವರ್ಷವರ್ಷವೂ ಕರಿಹಲಗೆಯ ಮೇಲೆ ಡೀಸೆಲ್ ಎಂಜಿನ್ ಬರೆದು, ಹೀರುವುದು, ಒತ್ತುವುದು, ಸಿಡಿಯುವುದು, ಉಗುಳುವುದು ಎಂದು ನಾಲ್ಕು ಹಂತಗಳನ್ನು ಬಾಯಲ್ಲೇ ಸದ್ದು ಮಾಡಿ ತೋರಿಸುತ್ತ ಬಂದವನು. ಹಲಗೆಯ ಮೇಲೆ ನನ್ನ ಎಂಜಿನ್ ಒಮ್ಮೆಯೂ ಕೆಟ್ಟಿಲ್ಲ. ಗಾಳಿಯನ್ನು ಹದಿನೇಳು ಪಟ್ಟು ಒತ್ತಿದರೆ ಅದು 500 ಡಿಗ್ರಿಗೂ ಮೇಲೆ ಕಾಯುತ್ತದೆ, ಆ ಗಳಿಗೆಗೆ ಸರಿಯಾಗಿ ನಾಜಲ್ ಡೀಸೆಲ್ ಚಿಮ್ಮಿಸಿದರೆ ಕಿಡಿಯ ಹಂಗಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ, ಮಕ್ಕಳೇ, ಎಷ್ಟು ಸರಳ ನೋಡಿ ಎಂದು ಹೇಳಿ ಚಾಕ್‌ಪುಡಿ ಝಾಡಿಸಿಕೊಳ್ಳುತ್ತಿದ್ದೆ. ಇದನ್ನು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ರುಡಾಲ್ಫ್ ಡೀಸೆಲ್ 1913ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ. ಆಮೇಲೆ ಸಿಕ್ಕಿದ್ದು ಸಮುದ್ರದಲ್ಲಿ ತೇಲುತ್ತಿದ್ದ ಹೆಣ. ಕಾರಣ ಇವತ್ತಿಗೂ ಯಾರಿಗೂ ಖಚಿತವಿಲ್ಲ. ಡೆಕ್ಕಿನ ಮೇಲೆ ಯಾರೋ ಬಂದು ಹೆಗಲು ತಟ್ಟಿ "ಸಾರ್, ನಿಮ್ ಗಾಡಿ ಒಂದ್ ಸಿಲಿಂಡರ್ ಮಿಸ್ಸಿಂಗ್ ಐತೆ" ಅಂದಿರಬಹುದೆಂದು ಈಗೀಗ ನನಗೆ ಅನ್ನಿಸುತ್ತಿದೆ.

ಗಾಡಿಗೆ ಮೊದಲು ಇದ್ದದ್ದು ಒಂದೇ ದೋಷ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊಗೆ. ಗ್ಯಾರೇಜಿನವರು ನಾಲ್ಕೂ ನಾಜಲ್ ಬಿಚ್ಚಿ ಸರ್ವಿಸ್ ಮಾಡಬೇಕು ಎಂದು ಒಂದು ಮೊತ್ತ ಹೇಳಿದರು. ಅದೇ ರಾತ್ರಿ ಫೋನಿನಲ್ಲಿ ಪಂಜಾಬಿನ ಕಡೆಯ ಮೆಕ್ಯಾನಿಕ್ ಒಬ್ಬ ಅದೇ ಕೆಲಸವನ್ನು ಹಾಡು ಗುನುಗುತ್ತ ಮಾಡಿ ಮುಗಿಸುವುದನ್ನು ನೋಡಿದೆ. ಅವನ ಮಾತು ನನಗೆ ತಿಳಿಯಲಿಲ್ಲ, ಕೈ ತಿಳಿಯಿತು. ಭಾನುವಾರ ಬೆಳಿಗ್ಗೆ ಹಳೇ ಪಂಚೆ ಮೇಲಕ್ಕೆ ಕಟ್ಟಿ ಬಾನೆಟ್ ಎತ್ತಿದೆ. ಆ ಭಾನುವಾರದ ಕೆಲಸವನ್ನು ವಿವರಿಸಿ ನಿಮ್ಮನ್ನು ದಣಿಸುವುದಿಲ್ಲ. ಹೈಪ್ರೆಷರ್ ಪೈಪುಗಳನ್ನು ಬಿಚ್ಚಿದೆ, ನಾಜಲ್‌ಗಳನ್ನು ಕಿತ್ತೆ, ಒರೆಸಿದೆ, ಪ್ರತಿಯೊಂದರ ಬುಡಕ್ಕೂ ಹೊಸ ತಾಮ್ರದ ವಾಷರ್ ಇಟ್ಟು ಕೂರಿಸಿದೆ. ಒಳಗಿನ ಬೆಂಕಿ ಸಂದಿಯಿಂದ ಹೊರಗೆ ಸೋರದಂತೆ ತಡೆಯುವುದು ಆ ವಾಷರ್. ಒಮ್ಮೆ ಬಿಗಿದದ್ದನ್ನು ಮತ್ತೆ ಹಾಕಬಾರದು. ಹಳೆಯವನ್ನು ಅಪ್ಪನ ಟೂಲ್ ಡಬ್ಬಕ್ಕೆ ಎಸೆಯುತ್ತ ಹೋದೆ. ಎಲ್ಲ ಮುಗಿದ ಮೇಲೆ ಶಿಸ್ತಿನ ಮನುಷ್ಯನಾದ ನಾನು ಡಬ್ಬದಲ್ಲಿ ಬೆರಳಾಡಿಸಿ ಎಣಿಸಿದೆ. ಮಸಿಗಟ್ಟಿದ ತಾಮ್ರದ ಬಿಲ್ಲೆ, ನಡುವೆ ತೂತು, ಒಟ್ಟು ನಾಲ್ಕು. ಲೆಕ್ಕ ಸರಿ.

ಪ್ರೈಮರ್ ಪಂಪ್ ಒತ್ತಿ ಏರ್ ತೆಗೆದು, ದೇವರಿಗೆ ಕೈಮುಗಿದು ಕೀಲಿ ತಿರುಗಿಸಿದೆ. ಹೊತ್ತಿಕೊಂಡಿತು. ಹೊತ್ತಿಕೊಂಡು, ಕುಂಟತೊಡಗಿತು.

ಇದರಲ್ಲೊಂದು ಗಣಿತವಿದೆ. ಎಂಜಿನ್ ನಿಂತಲ್ಲೇ ನಿಧಾನಕ್ಕೆ ನಿಮಿಷಕ್ಕೆ 600 ಸುತ್ತು ತಿರುಗುತ್ತಿದ್ದರೂ ಒಂದೊಂದು ಸಿಲಿಂಡರ್ ಸೆಕೆಂಡಿಗೆ ಐದು ಬಾರಿ ಸಿಡಿಯುತ್ತದೆ. ನಾಲ್ಕೂ ಸೇರಿದರೆ ಇಪ್ಪತ್ತು. ಇಪ್ಪತ್ತನ್ನು ಯಾವ ಕಿವಿಯೂ ಎಣಿಸಲಾರದು, ಅದು ಒಂದೇ ಗುಡುಗು. ನಾಲ್ಕರಲ್ಲಿ ಒಂದು ಸತ್ತರೆ ಗುಡುಗಿನೊಳಗೆ ಸೆಕೆಂಡಿಗೆ ಐದು ಗುಂಡಿಗಳು ಬೀಳುತ್ತವೆ. ಅಷ್ಟೂ ಗುಂಡಿಗಳು ಸ್ಟೇರಿಂಗ್ ಹಿಡಿದವನ ಹಲ್ಲಿಗೆ ಬಡಿಯುತ್ತವೆ.

"ಇದ್ಯಾಕೋ ಕುಂಟ್ತೈತೆ?" ಎಂದಳು ಅವ್ವ, ಹಿತ್ತಲಿನಿಂದಲೇ.

"ಮೊದ್ಲು ಗಾಡಿಯಷ್ಟೇ ಹೊಗೆ ಬಿಡ್ತಿತ್ತು ರೀ" ಎಂದಳು ಹೆಂಡತಿ, ನನ್ನ ಮುಖ ನೋಡಿ.

ಇನ್ನು ನಡೆದದ್ದನ್ನು ಮಾತ್ರ ಅವಸರವಿಲ್ಲದೆ ಹೇಳಬೇಕು, ಏಕೆಂದರೆ ನಮ್ಮ ಬೀದಿಯಲ್ಲಿ ಅಷ್ಟು ಸಡಗರದ ಸಂಜೆ ಇತ್ತೀಚೆಗೆ ಆಗಿರಲಿಲ್ಲ.

ಮೊದಲು ಬಂದವನು ನನ್ನದೇ ಹಳೇ ವಿದ್ಯಾರ್ಥಿ. ಹತ್ತನೇ ಕ್ಲಾಸಿನಲ್ಲಿ ಡೀಸೆಲ್ ಎಂಜಿನ್ನಿನ ಪ್ರಶ್ನೆಗೆ ಬಾವಿಯ ರಾಟೆಯ ಚಿತ್ರ ಬರೆದಿದ್ದವನು. ಈಗ ಟ್ರ್ಯಾಕ್ಟರ್ ಇಟ್ಟಿದ್ದಾನೆ. "ಸಾರ್, ಎಂಜಿನ್ ಓಡ್ತಿರೋ ಹಂಗೇ ಒಂದೊಂದೇ ಪೈಪಿನ ನಟ್ ಲೂಸ್ ಮಾಡಿ. ಯಾವುದು ಲೂಸ್ ಮಾಡಿದ್ರೆ ಸೌಂಡ್ ಇನ್ನೂ ಕೆಡುತ್ತೋ ಅದು ಕೆಲ್ಸ ಮಾಡೋ ಸಿಲಿಂಡರ್. ಯಾವುದ್ ಲೂಸ್ ಮಾಡಿದ್ರೂ ಏನೂ ಆಗ್ಲಿಲ್ವೋ ಅದೇ ಕಳ್ಳ" ಎಂದ. ಇಷ್ಟು ಅಚ್ಚುಕಟ್ಟಾದ ಪ್ರಯೋಗವನ್ನು ನನ್ನ ತರಗತಿಯಲ್ಲಿ ಅವನೆಂದೂ ಹೇಳಿರಲಿಲ್ಲ. ನಾನು ಸ್ಪ್ಯಾನರ್ ಹಿಡಿದೆ. ಅವನು ಆಕ್ಸಿಲರೇಟರ್ ಮೇಲೆ ಕಾಲಿಟ್ಟು ಕುಳಿತ. ಸದ್ದಿಗೆ ಬೀದಿ ಎದ್ದು ಬಂತು.

ಬೀರೂರು ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿ ನಿವೃತ್ತರಾದ ಒಬ್ಬರು ನಮ್ಮ ಎದುರು ಮನೆಯವರು. ಪಕ್ಕದ ಓಣಿಯಿಂದ ಅಮೃತಮಹಲ್ ಕಾವಲಿನಲ್ಲಿ ಜೀವನವಿಡೀ ದನ ಕಾಯ್ದ ಅಜ್ಜ ಬಂದ. ಬೆಣ್ಣೆ ಚಾವಡಿ ಎಂದಿದ್ದ ಹೆಸರನ್ನು ಟಿಪ್ಪು ಅಮೃತಮಹಲ್ ಎಂದು ಬದಲಿಸಿದ್ದು, ಈ ತಳಿಯ ಎತ್ತುಗಳು ಫಿರಂಗಿ ಬಂಡಿ ಎಳೆದು ಕುದುರೆ ದಂಡಿಗೂ ಸಮನಾಗಿ ಓಡಿದ್ದು, ಎಲ್ಲವನ್ನೂ ಆ ಅಜ್ಜ ತಾನೇ ಪಕ್ಕದಲ್ಲಿದ್ದವನ ಹಾಗೆ ಹೇಳುತ್ತಾನೆ. "ಎತ್ತು ಮಿಸ್ಸಿಂಗ್ ಹೊಡೆಯಾಕಿಲ್ಲ ಮೇಷ್ಟ್ರೇ" ಎಂಬ ಪೀಠಿಕೆಯೊಂದಿಗೆ ಕಲ್ಲಿನ ಮೇಲೆ ಕುಳಿತ. ಹೆಂಗಸರು ಜಗಲಿಯಲ್ಲಿ ನೆರೆದರು. ಹುಡುಗರು ಬಾಡಿಯ ಮೇಲೆ ಹತ್ತಿದರು. ಪಕ್ಕದ ಮನೆ ಅಕ್ಕ ಮಹಡಿಯಲ್ಲಿ ಒಣಗಿಸಿದ್ದ ಸಂಡಿಗೆಯನ್ನು ಎತ್ತಿಕೊಳ್ಳಲೋ ಬೇಡವೋ ಎಂದು ನಿಂತವರು ನೋಡುವ ಆಸೆಗೆ ಹಾಗೇ ಬಿಟ್ಟರು. ಮುಂದೆ ಆ ಸಂಡಿಗೆಯನ್ನು ಕರಿದಾಗ ಎಣ್ಣೆಯೇ ಬೇಕಾಗಲಿಲ್ಲ ಎಂಬುದು ಉತ್ಪ್ರೇಕ್ಷೆ. ವಾಸನೆ ಇತ್ತು ಎಂಬುದು ನಿಜ.

ಬೆಂಗಳೂರಿನ ಪೀಣ್ಯದಿಂದ ಭಾವಮೈದುನ ವೀಡಿಯೊ ಕಾಲ್‌ನಲ್ಲಿ ಹಾಜರಾದ. "ಫೋನ್ ಎಂಜಿನ್ ಹತ್ರ ಹಿಡೀರಿ ಭಾವ, ಕೇಳಿ ಹೇಳ್ತೀನಿ." ಹಿಡಿದೆ. ಮನೆಯ ಹೆಂಚು ಅದುರುತ್ತಿದೆ, ನನ್ನ ಮಾತು ನನಗೇ ಕೇಳುತ್ತಿಲ್ಲ. ಅವನು ಕಣ್ಣು ಕಿರಿದು ಮಾಡಿಕೊಂಡು ಆಲಿಸಿದ, ಆಲಿಸಿದ, ಕೊನೆಗೆ "ಏನೂ ಕೇಳಿಸ್ತಿಲ್ವಲ್ಲ ಭಾವ, ಆಫ್ ಮಾಡಿದ್ರಾ?" ಎಂದ. ಹೊಸ ಫೋನುಗಳು ಮನುಷ್ಯರ ಮಾತನ್ನು ಉಳಿಸಿಕೊಂಡು ಮಿಕ್ಕ ಗದ್ದಲವನ್ನು ಸೋಸಿ ಎಸೆಯುತ್ತವಂತೆ. ಅವನಿಗೆ ಕೇಳಿದ್ದು ಎದುರುಮನೆಯವರು "ಈ ಮೇಷ್ಟ್ರಿಗೆ ಯಾಕ್ ಬೇಕಿತ್ತು" ಎಂದದ್ದು ಮಾತ್ರ. ಅದಂತೂ ಸ್ಪಷ್ಟವಾಗಿ ಕೇಳಿತಂತೆ.

ಮೊದಲ ನಟ್ ಸಡಿಲಿಸಿದೆ. ಡೀಸೆಲ್ ಬುಸ್ಸೆಂದು ಪಂಚೆಗೆ ಹಾರಿತು. ಎಂಜಿನ್ ಇನ್ನಷ್ಟು ಮುಗ್ಗರಿಸಿತು.

"ಬದ್ಲಾಯ್ತು!" ಎಂದಿತು ಅರ್ಧ ಬೀದಿ.

"ಎಲ್ ಬದ್ಲಾಯ್ತು? ಹಂಗೇ ಐತೆ" ಎಂದಿತು ಇನ್ನರ್ಧ.

ಬಿಗಿದೆ. ಎರಡನೆಯದು. ಮತ್ತೆ ಬುಸ್. ಮತ್ತೆ ಎರಡು ಪಕ್ಷ. ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದರ ಸದ್ದು ಹೇಗಿತ್ತೆಂದು ಎಲ್ಲರಿಗೂ ಮರೆತಿತ್ತು, ಹಾಗಾಗಿ ಮತ್ತೆ ಮೊದಲಿನಿಂದ ಬರಬೇಕೆಂಬ ಒತ್ತಾಯ ಬಂತು. ಪ್ರಜೆಗಳ ಅಪೇಕ್ಷೆಯಂತೆ ಮತ್ತೆ ಬಂದೆ. ನಾಲ್ಕನೆಯದನ್ನು ಸಡಿಲಿಸಿದಾಗ ಹುಡುಗನೊಬ್ಬ ಸೀನಿದ. ಆ ಸೀನಿನಿಂದಾಗಿ ಸದ್ದು ಬದಲಾಯಿತೋ ಇಲ್ಲವೋ ನಿರ್ಧಾರವಾಗದೆ ಉಳಿಯಿತು. ಸೀನಿದವನಿಗೆ ಅವನ ತಾಯಿ ಒಂದು ಕೊಟ್ಟಳು. ಅವನು ಅತ್ತ. ಅಳು ನಿಲ್ಲುವವರೆಗೆ ಪ್ರಯೋಗ ಮುಂದೂಡಲಾಯಿತು.

ಕಡೆಗೆ ನಾನೇ ಸೂಚಿಸಿದೆ: ಕೈಯೆತ್ತಿ ಮತ ಹಾಕಿ. ಜೇಬಿನಲ್ಲಿ ಚಾಕ್‌ಪೀಸ್ ಇದ್ದೇ ಇರುತ್ತದೆ. ಮಡ್‌ಗಾರ್ಡ್ ಮೇಲೆ ನಾಲ್ಕು ಮನೆ ಗೀಚಿ ಗೆರೆ ಎಳೆಯುತ್ತ ಹೋದೆ. ಮೂರನೆಯದಕ್ಕೆ ಯಾರೂ ಕೈ ಎತ್ತಲಿಲ್ಲ. ಎರಡನೆಯದಕ್ಕೆ ಬಿದ್ದದ್ದು ಒಂದೇ ಮತ, ಅದೂ ಎರಡರವರೆಗೆ ಮಾತ್ರ ಎಣಿಸಲು ಬರುವ ಒಂದು ಮಗುವಿನದು. ಮಿಕ್ಕ ಬೀದಿಯೆಲ್ಲ ಒಂದು ಮತ್ತು ನಾಲ್ಕರ ನಡುವೆ ಸರಿಯಾಗಿ ಸೀಳಿ ನಿಂತಿತು. ನಾಲ್ಕರ ಪಕ್ಷಕ್ಕೆ ರೈಲ್ವೆಯವರು, ಒಂದರ ಪಕ್ಷಕ್ಕೆ ಕಾವಲಿನ ಅಜ್ಜ. "ನಾಲ್ಕನೇದು ಸತ್ತೈತೆ, ನನ್ ಮಾತ್ ಬರ್ಕಳಿ" ಎಂದು ಇವರು. "ಸಾಯೋದು ಯಾವತ್ತೂ ಒಂದನೇದೇ" ಎಂದು ಅವನು. ಇವರು ಅವನಿಗೆ ಎಂಜಿನ್ ಎಂದರೇನೆಂದು ಗೊತ್ತೇ ಎಂದರು. ಅವನು ಇವರಿಗೆ ಸಿಗ್ನಲ್ ಬಿಟ್ಟು ಇನ್ನೇನಾದರೂ ಗೊತ್ತೇ ಎಂದ. ಹೆಂಗಸರಲ್ಲೂ ಪಕ್ಷಗಳಾದವು. ಹಳೆಯ ಚರಂಡಿ ಜಗಳ ಮೇಲೆದ್ದಿತು. ನನ್ನ ಹೆಂಡತಿ ಯಾರ ಮನಸ್ಸನ್ನೂ ನೋಯಿಸದೆ "ನಂಗೆ ನಾಲ್ಕೂ ಸತ್ತಂಗೆ ಕೇಳುಸ್ತೈತೆ" ಎಂದಳು.

ಇಷ್ಟೆಲ್ಲ ನಡೆಯುವಾಗ ಅಪ್ಪ ಜಗಲಿಯ ಮೂಲೆಯಲ್ಲಿ ಕುಳಿತು ಬೆಳ್ಳುಳ್ಳಿ ಬಿಡಿಸುತ್ತಿದ್ದ. ಆಗಾಗ ತಲೆಯೆತ್ತಿ "ಏನಂತೆ?" ಎಂದು ಕೇಳುತ್ತಿದ್ದ. ಕೂಗಿ ಹೇಳುವ ಪುರಸೊತ್ತು ಯಾರಿಗಿತ್ತು?

ಸಭಾಧ್ಯಕ್ಷನಾಗಿ ನಾನು ಕೊಟ್ಟ ತೀರ್ಪು: ಒಂದನ್ನೂ ಬಿಚ್ಚುವುದು, ನಾಲ್ಕನ್ನೂ ಬಿಚ್ಚುವುದು. ಎರಡು ಪಕ್ಷಕ್ಕೂ ಇದು ಸೋಲೆನಿಸಿ ಗುಂಪು ಚದುರಿತು. ಎರಡೂ ನಾಜಲ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಕೊಂಡು ಮರುದಿನ ಬಸ್ಸಿನಲ್ಲಿ ತರೀಕೆರೆಗೆ ಹೋದೆ.

ಪಂಪ್-ನಾಜಲ್ ಅಂಗಡಿಯವನು ಒಂದೊಂದನ್ನೂ ಟೆಸ್ಟರಿಗೆ ಕಚ್ಚಿಸಿ ಹಿಡಿಕೆ ಒತ್ತಿದ. ಮುಳ್ಳು 200ರ ಆಸುಪಾಸಿಗೆ ಏರಿ, ಚಿರ್‌ರ್ ಎಂದು ಮಂಜಿನಂಥ ನಾಲ್ಕು ಎಳೆ ಚಿಮ್ಮಿದವು. ಬೆರಳು ಒಡ್ಡಲು ಹೋದ ನನ್ನ ಕೈ ಹಿಡಿದೆಳೆದು, "ಅದು ಚರ್ಮ ತೂತು ಮಾಡ್ಕೊಂಡ್ ಒಳಗೋಗುತ್ತೆ ಸಾರ್, ಬೆರಳೇ ತೆಗೀಬೇಕಾಗುತ್ತೆ" ಎಂದು ಗದರಿದ. ಅದಕ್ಕೆ ಅವನಿಗೆ ಋಣಿ. ಆಮೇಲೆ ಹೇಳಿದ್ದಕ್ಕಲ್ಲ. ನಾಜಲ್ ಎರಡೂ ಚೆನ್ನಾಗಿವೆ ಎಂದು ಹೇಳಿದ ಬಾಯಲ್ಲೇ, ಗಾಡಿಯನ್ನು ಕಣ್ಣಿಂದಲೂ ನೋಡದೆ, "ಹಂಗಾದ್ರೆ ಪಂಪೇ ಹೋಗೈತೆ, ತನ್ನಿ, ಓವರಾಲ್ ಮಾಡಣ" ಎಂದ. ಮೊತ್ತ ಹೇಳಿದ. ನಾನು ಅಡಿಕೆ ಬೆಳೆಗಾರನೆಂದು ಅವನು ತಪ್ಪು ತಿಳಿದಿರಬೇಕು. ಇಂಥವರ ಮೇಲೆ ನನಗೆ ಸಿಟ್ಟಿದೆ. ಗೊತ್ತಿಲ್ಲದವನು ಗೊತ್ತಿಲ್ಲ ಎನ್ನುವುದಿಲ್ಲ, ಗೊತ್ತಿಲ್ಲದಷ್ಟಕ್ಕೂ ಒಂದು ದರ ಹಾಕುತ್ತಾನೆ, ತೆರುವವನು ಬಾಡಿಗೆ ಓಡಿಸಿ ಬದುಕುವವನು. ಸಂಬಳದ ನಾನಾದರೆ ಮುಖ ಸಿಂಡರಿಸಿ ಎದ್ದುಬರಬಹುದು. ಕಂತಿನ ಗಾಡಿಯವನು ಹೆಂಡತಿಯ ಓಲೆ ಒತ್ತೆಯಿಟ್ಟು ಪಂಪ್ ಬಿಚ್ಚಿಸುತ್ತಾನೆ.

ನಾಜಲ್‌ಗಳನ್ನು ಮತ್ತೆ ಹೊಸ ವಾಷರ್ ಕೊಟ್ಟು ಕೂರಿಸಿದೆ. ಕುಂಟು ಹಾಗೇ ಇತ್ತು. ಒಂದು ಲೋಡ್ ತೆಂಗಿನಕಾಯಿಯನ್ನು ಕಡೂರಿಗೆ ಮುಟ್ಟಿಸಲೇಬೇಕಿದ್ದರಿಂದ ಕುಂಟಿಸಿಕೊಂಡೇ ಹೊರಟೆ. ತರೀಕೆರೆಯಲ್ಲೂ ಒಂದಿಷ್ಟು ಇಳಿಸುವುದಿತ್ತು. ಕನ್ನಡ ಮಾತಾಡುವ ಪ್ರತಿ ಮಗುವಿನ ನಾಲಿಗೆ ತೊಡರಿರುವ ಆ ಏರಿಯ ಮೇಲೆ ನನ್ನ ಗಾಡಿಯೂ ತೊಡರಿತು. ಮೂರು ಕರಿ ಕುರಿಮರಿ ಮೇಯುತ್ತಿದ್ದವೋ ಇಲ್ಲವೋ ನೋಡಲಾಗಲಿಲ್ಲ. ಮೂರು ಸಿಲಿಂಡರ್ ಮಾತ್ರ ಮೇಯುತ್ತಿದ್ದವು, ನಾಲ್ಕನೆಯದು ಬರೀ ಡೀಸೆಲ್ ಕುಡಿಯುತ್ತಿತ್ತು. ಹಿಂದೆ ಬರುತ್ತಿದ್ದ ಬೈಕಿನವನೊಬ್ಬ ಬಿಳಿ ಹೊಗೆಯೊಳಗಿಂದ ಕಣ್ಣೊರೆಸುತ್ತ ಹೊರಬಂದು, ಪಕ್ಕಕ್ಕೆ ಬಂದು, ಕಿಟಕಿಗೆ ಕೂಗಿದ: "ಅಣ್ಣಾ, ಟರ್ಬೋ ಹೋಗೈತೆ!" ನಮ್ಮ ಗಾಡಿಗೆ ಟರ್ಬೋ ಇಲ್ಲ.

ಕಡೂರಿನಲ್ಲಿ ಬಿ.ಎಚ್. ರಸ್ತೆಯ ಬದಿಯ ಒಂದು ಗ್ಯಾರೇಜಿನೆದುರು ನಿಲ್ಲಿಸಿದೆ. ಹಿರಿಯ ಮೆಕ್ಯಾನಿಕ್ ಎದ್ದು ಬರಲೂ ಇಲ್ಲ. ಕುಳಿತಲ್ಲಿಂದಲೇ ಒಂದು ಗಳಿಗೆ ಕಣ್ಣುಮುಚ್ಚಿ, ಬೀರೂರಿನ ಮೈಲಾರಲಿಂಗನ ಕಾರ್ಣಿಕದ ಹಾಗೆ ಒಂದೇ ವಾಕ್ಯ ನುಡಿದ: "ಹೆಡ್ ಇಳಿಸ್ಬೇಕು." ಕಾರ್ಣಿಕಕ್ಕೆ ವ್ಯಾಖ್ಯಾನ ಕೇಳುವ ಪದ್ಧತಿಯಾದರೂ ಇದೆ. ಇಲ್ಲಿ ಅದೂ ಇರಲಿಲ್ಲ. ಹೆಡ್ ಇಳಿಸುವುದೆಂದರೆ ವಾಲ್ವು, ಗ್ಯಾಸ್ಕೆಟ್ಟು, ಗ್ರೈಂಡಿಂಗು, ಒಂದು ವಾರ, ನನ್ನ ಒಂದು ತಿಂಗಳ ಸಂಬಳ. ಸಂಜೆ ರೈಲ್ವೆ ಗೇಟಿನಲ್ಲಿ ಗಾಡಿ ನಡುಗುತ್ತ ನಿಂತಿದ್ದಾಗ ಮುಂದೆ ಹಾದುಹೋದ ರೈಲಿನ ಡೀಸೆಲ್ ಎಂಜಿನ್ನಿನ ಮೇಲೆ ನನಗಾದ ಹೊಟ್ಟೆಕಿಚ್ಚು ಹೇಳತೀರದು. ಅದಕ್ಕೆ ಎಷ್ಟೋ ಸಿಲಿಂಡರ್‌ಗಳಿದ್ದವು, ಒಂದು ಹೋದರೂ ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿದ್ದ. ನಾನು ಎಂಜಿನ್ ನಿಲ್ಲಿಸಲು ಕೈ ಹಾಕಿದೆ. ಅವನು ಬೇಡ ಎಂದು ಸನ್ನೆ ಮಾಡಿ ಬಾನೆಟ್ ಎತ್ತಿಸಿದ.

407ರಲ್ಲಿ ಎಂಜಿನ್ ಇರುವುದು ಡ್ರೈವರನ ಎಡಗಾಲಿನ ಪಕ್ಕಕ್ಕೇ. ಅಪ್ಪನ ಎಡಗಿವಿ ಮೊದಲು ಹೋಯಿತು. ವರ್ಷಗಟ್ಟಲೆ ರಾತ್ರಿಯಿಡೀ ಈರುಳ್ಳಿ ಹೇರಿಕೊಂಡು ಯಶವಂತಪುರದ ಮಾರುಕಟ್ಟೆಗೆ, ಬೆಳಗಾದರೆ ವಾಪಸು. ಆಮೇಲೆ ಬಲಗಿವಿಯೂ ಅದರ ದಾರಿ ಹಿಡಿಯಿತು. ಬೆಲೆ ಬಿದ್ದ ಒಂದು ವರ್ಷ ಬಾಡಿಗೆ ಕೊಡಲಾಗದ ರೈತನೊಬ್ಬ ಈರುಳ್ಳಿ ಚೀಲಗಳನ್ನೇ ತಂದು ನಮ್ಮ ಜಗಲಿಗೆ ಒರಗಿಸಿ ಹೋಗಿದ್ದ. ಅಪ್ಪ ಅವನ್ನು ಮಾರಲಿಲ್ಲ, ಮಾರಿದರೆ ಚೀಲದ ದುಡ್ಡೂ ಹುಟ್ಟುತ್ತಿರಲಿಲ್ಲ. ಕೊಳೆಯುವವರೆಗೆ ನಾವೆಲ್ಲ ಈರುಳ್ಳಿ ತಿಂದೆವು. ಡೀಸೆಲ್ಲಿಗೆ, ಟೈರಿಗೆ, ಚೆಕ್‌ಪೋಸ್ಟಿಗೆ ಎಲ್ಲಕ್ಕೂ ಲೆಕ್ಕವಿದ್ದ ಅಪ್ಪನ ಪುಸ್ತಕದಲ್ಲಿ ಕಿವಿಗಳ ಬಾಬತ್ತು ಎಲ್ಲೂ ಇಲ್ಲ. ಕಿವುಡನ ಹತ್ತಿರ ಸದ್ದಿನ ರೋಗ ಕೇಳುವುದೇನೆಂದು ಬೀದಿಗೆ ಬೀದಿಯೇ ಅವನನ್ನು ಬಿಟ್ಟಿತ್ತು. ನಾನೂ ಬೀದಿಯಲ್ಲೇ ಇದ್ದೆ.

ಅಪ್ಪ ಸದ್ದಿನ ತಂಟೆಗೇ ಹೋಗಲಿಲ್ಲ. ಪಂಪಿನಿಂದ ಹೊರಟ ಹೈಪ್ರೆಷರ್ ಪೈಪುಗಳನ್ನು ಒಂದೊಂದಾಗಿ ಮೂರು ಬೆರಳಿನಲ್ಲಿ ಹಿಡಿದ. ಒಂದಾದ ಮೇಲೊಂದು, ಆಕಾಶ ನೋಡುತ್ತ. ಪ್ರತಿ ಬಾರಿ ಡೀಸೆಲ್ ನುಗ್ಗಿದಾಗಲೂ ಪೈಪು ಸಣ್ಣಗೆ ಟಕ್ ಎಂದು ಮಿಡಿಯುತ್ತದೆ.

"ನಾಲ್ಕರಲ್ಲೂ ಬಡಿತ ಐತೆ. ಪಂಪ್ ಕೊಡ್ತೈತೆ, ನಾಜಲ್ ತಗಂತೈತೆ" ಎಂದ. ತರೀಕೆರೆಯ ಓವರಾಲ್ ಆ ಕ್ಷಣಕ್ಕೆ ಉಳಿಯಿತು. "ಸೋಪಿನ್ ನೀರ್ ತಾ."

ತಂದೆ. ನಾಜಲ್‌ಗಳ ಬುಡಕ್ಕೆ ಒಂದೊಂದು ಚಮಚ ಬಿಟ್ಟ. ಮೂರು ಕಡೆ ನೀರು ಸುಮ್ಮನೆ ಕಾದು ಇಂಗಿತು. ಡ್ರೈವರನ ಕಡೆಯ ಕೊನೆಯದರಲ್ಲಿ ಗುಳುಗುಳು ಗುಳ್ಳೆಯೆದ್ದು, ಒಡೆದು, ಮತ್ತೆ ಎದ್ದಿತು. ನನ್ನ ಇಬ್ಬರು ಮಕ್ಕಳು ಊದುಗೊಳವೆ ತರಲು ಓಡಿದರು.

"ಕಂಪ್ರೆಷನ್ ಸೋರ್ತೈತೆ. ಒತ್ತಿದ್ ಗಾಳಿ ಹೊರಗೋದ್ರೆ ಹೆಂಗ್ ಉರೀತೈತೆ? ವಾಷರ್ ಎಷ್ಟ್ ತಗ್ದೆ?"

"ನಾಲ್ಕು!" ಎಂದು ಬಲಗಿವಿಗೆ ಕೂಗಿದೆ. ಬೀದಿಯ ಕೊನೆಯವರೆಗೆ ಕೇಳಿಸಿತು.

"ಡಬ್ಬ ತಾ."

ಡಬ್ಬ ಬೋರಲು ಹಾಕಿದ. ಬೆರಳಿನಲ್ಲಿ ಒಂದೊಂದನ್ನೇ ಸರಿಸಿದ. ಒಂದು, ಎರಡು, ಮೂರು. ನಾಲ್ಕನೆಯದನ್ನು ಎತ್ತಿ, ಪಂಚೆಯ ಚುಂಗಿಗೆ ಉಜ್ಜಿ, ನನ್ನ ಅಂಗೈಗೆ ಹಾಕಿದ. ಅದರ ಮೇಲೆ ಕಿರೀಟವಿತ್ತು. ಯುದ್ಧದ ಕಾಲದಲ್ಲಿ ತಾಮ್ರ ಉಳಿಸಲೆಂದು ನಡುವೆ ತೂತು ಹೊಡೆದು 1943ರಿಂದ 1947ರವರೆಗೆ ಟಂಕಿಸಿದ ತೂತುಕಾಸು, ರೂಪಾಯಿಗೆ 64 ಬರುತ್ತಿದ್ದದ್ದು. ನೋಡಿದರೆ ವಾಷರಿಗಿಂತ ಸಾಕಷ್ಟು ದೊಡ್ಡದು. ಆದರೆ ನಾನು ಎಣಿಸಿದ್ದೆನೇ ಹೊರತು ನೋಡಿರಲಿಲ್ಲ.

"ಹಾರನ್ ಬೋಲ್ಟಿಗೆ ಹಾಕಿದ್ದೆ ಅದ್ನ. ನಿಮ್ಮಜ್ಜಂದು" ಎಂದ ಅಪ್ಪ. ಅಂಥ ನಗು ಅವನ ಮುಖದಲ್ಲಿ ನೋಡಿ ಬಹಳ ಕಾಲವಾಗಿತ್ತು. ನನಗೆ ನಗಲೂ ಆಗಲಿಲ್ಲ, ನಗದಿರಲೂ ಆಗಲಿಲ್ಲ. ಬ್ರಿಟಿಷ್ ಸರ್ಕಾರ ನನ್ನ ಲೆಕ್ಕ ತಪ್ಪಿಸಿತ್ತು.

ಎಂಜಿನ್ ತಣಿದ ಮೇಲೆ ಕೊನೆಯ ನಾಜಲ್ ಕಿತ್ತೆವು. ಟಾರ್ಚ್ ಹಾಕಿ ನೋಡಿದರೆ ಗುಳಿಯೊಳಗೆ ಕಾಣುವುದು ಬರೀ ಕಪ್ಪು. ಅಪ್ಪ ಸೈಕಲ್ಲಿನ ಕಡ್ಡಿಯೊಂದರ ತುದಿ ಬಗ್ಗಿಸಿ ಒಳಗಿಳಿಸಿ ನಿಧಾನಕ್ಕೆ ತಿರುವಿ ಎಳೆದ. ಮಸಿಯೊಂದಿಗೆ ಮಸಿಯಾಗಿ ಅಂಟಿಕೊಂಡಿದ್ದ ಹಳೇ ವಾಷರ್ ಕರ್ ಎಂದು ಮೇಲೆ ಬಂತು, ಒಂದು ಕಡೆ ಸವೆದು, ಒಂದು ಕಡೆ ಉಬ್ಬಿ. ಅದರ ಮೇಲೆ ನಾನು ಭಕ್ತಿಯಿಂದ ಹೊಸದನ್ನು ಕೂರಿಸುತ್ತ ಬಂದಿದ್ದೆ. ಸೊಟ್ಟ ಪೀಠದ ಮೇಲೆ ಕುಳಿತ ನಾಜಲ್ ಬುಡದಲ್ಲಿ ಗಾಳಿ ಬಿಟ್ಟುಕೊಂಡು, ಚಿಮ್ಮಬೇಕಾದ ಜಾಗಕ್ಕಿಂತ ಮೇಲೆ ಚಿಮ್ಮಿಕೊಂಡು, ತನ್ನ ಪಾಡಿಗೆ ತಾನಿತ್ತು. ಗುಳಿಯನ್ನು ಒರೆಸಿ, ಒಂದೇ ವಾಷರ್ ಇಟ್ಟು, ಬಿಗಿದು, ಏರ್ ತೆಗೆದು ಕೀಲಿ ತಿರುಗಿಸಿದೆವು. ಇಪ್ಪತ್ತೂ ಏಟು ಒಂದೇ ಗುಡುಗಾಗಿ ಹೊರಟವು. ಅಪ್ಪ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ, "ಸಾಕು, ಆಫ್ ಮಾಡು, ಡೀಸೆಲ್ ಯಾರಪ್ಪಂದು?" ಎಂದ. ಅವನಪ್ಪನದಂತೂ ಅಲ್ಲ, ಅವನಪ್ಪನದು ನನ್ನ ಅಂಗೈಯಲ್ಲಿತ್ತು.

ಸದ್ದು ಸರಿಹೋದದ್ದು ಕೇಳಿ ಬೀದಿ ಮತ್ತೆ ನೆರೆಯಿತು. ಎದುರುಮನೆಯವರು ಬಂದು ನಾಜಲ್ ಯಾವುದೆಂದು ನೋಡಿದರು. ಅವರ ಮುಖ ಅರಳಿತು.

"ನಾಲ್ಕನೇದು! ನಾನವತ್ತೇ ಹೇಳಿರ್ಲಿಲ್ವಾ ಮೇಷ್ಟ್ರೇ?"

"ಎಲ್ಲಿ ನಾಲ್ಕು? ಇದೇ ಒಂದನೇದು. ನಾನ್ ಹೇಳಿದ್ದು ಇದ್ನೇ" ಎಂದ ಕಾವಲಿನ ಅಜ್ಜ, ಅದೇ ನಾಜಲ್ಲನ್ನು ಬೆರಳಿಂದ ಕುಟ್ಟಿ.

ಆಗ ಬಯಲಾಯಿತು. ರೈಲ್ವೆಯವರು ಬೋಗಿ ಎಣಿಸುವ ಕ್ರಮದಲ್ಲಿ ಮುಂದಿನಿಂದ, ಅಂದರೆ ರೇಡಿಯೇಟರ್ ಕಡೆಯಿಂದ ಎಣಿಸಿದ್ದರು. ಅಜ್ಜ ಬಂಡಿ ಹೊಡೆಯುವವನ ಲೆಕ್ಕದಲ್ಲಿ, ಹಗ್ಗ ಹಿಡಿದವನಿಗೆ ಹತ್ತಿರದ್ದು ಒಂದು ಎಂದು ಸೀಟಿನ ಕಡೆಯಿಂದ ಎಣಿಸಿದ್ದ. ಆ ಸಂಜೆ ಇಡೀ ಬೀದಿ ಒಂದೇ ಸಿಲಿಂಡರನ್ನು ಸರಿಯಾಗಿ ಗುರುತಿಸಿ, ಒಮ್ಮತದಿಂದ, ಪರಸ್ಪರ ಬೈದುಕೊಂಡಿತ್ತು. ಒಪ್ಪಿಕೊಂಡಿದ್ದೇವೆಂದು ಯಾರಿಗೂ ತಿಳಿದಿರಲಿಲ್ಲ. ಎಂಜಿನ್ ತಯಾರಿಸಿದವರು ರೇಡಿಯೇಟರ್ ಕಡೆಯಿಂದಲೇ ಎಣಿಸುತ್ತಾರೆ, ಸಿಡಿಯುವ ಸರದಿ 1-3-4-2 ಎಂದು ನಾನು ವಿವರಿಸಲು ಹೋದೆ. ಅಜ್ಜ "ಅವ್ರು ಬಂಡಿ ಹೊಡ್ದವ್ರಾ?" ಎಂದು ಕೇಳಿ ಆ ವಿಷಯವನ್ನು ಮುಗಿಸಿದ.

ಎರಡೂ ಪಕ್ಷ ಗೆದ್ದದ್ದರಿಂದ ಎರಡೂ ಪಕ್ಷಕ್ಕೆ ಟೀ ಆಗಬೇಕೆಂದಾಯಿತು. ಗಿರ್ಮಿಟ್ಟೂ ಇರಲಿ ಎಂದಿತು ಒಂದು ದನಿ. ಎರಡು ಎಂದು ಮತ ಹಾಕಿದ್ದ ಮಗುವಿಗೆ ಎರಡು ಬನ್ ಮಂಜೂರಾಯಿತು. ಹೋಟೆಲಿನವನು ದುಡ್ಡು ಯಾರದೆಂದು ಕೇಳಿದಾಗ ಗೆದ್ದವರು ಕೊಡುವ ಪದ್ಧತಿಯಿಲ್ಲವೆಂದು ರೈಲ್ವೆಯವರೂ, ಸೋತವರು ಇಲ್ಲಿ ಯಾರೂ ಇಲ್ಲವೆಂದು ಅಜ್ಜನೂ ಹೇಳಿದರು. ನನ್ನ ಹಳೇ ವಿದ್ಯಾರ್ಥಿ ಟಾಸ್ ಹಾಕೋಣವೆಂದ. ಯಾರ ಜೇಬಿನಲ್ಲೂ ಚಿಲ್ಲರೆಯಿಲ್ಲ, ಈಗ ಎಲ್ಲರದೂ ಫೋನಿನಲ್ಲೇ. ನಾನು ತೂತುಕಾಸು ತೆಗೆದುಕೊಟ್ಟೆ. ಅವನು ಹಾರಿಸಿದ. ಅದು ಟೇಬಲ್ ಮೇಲೆ ಗಿರಗಿರ ತಿರುಗಿ, ಟೀ ಚೆಲ್ಲಿದಲ್ಲಿ ಮಗುಚಿ ಬಿತ್ತು. ಎಲ್ಲರೂ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಯಾವ್ ಕಡೆ ಬಿದ್ರೂ ತೂತೇ ಐತಲ್ಲ ಸಾರ್" ಎಂದ ಅವನು. "ನೀವೇ ಕೊಟ್ಬಿಡಿ."